ಕೆಂಪು ಶಾಯಿಯಲ್ಲಿ ಹೊಡೆದುಹಾಕಿದ ಕಾಲಂ

ಆಗುವುದಿಲ್ಲ ಎಂದವರು ನಮ್ಮ ಶಾಖೆಯ ಮುಖ್ಯಸ್ಥರಾದ ತ್ರಿವೇದಿ ಸಾಹೇಬರು. ಚಹಾದ ಕಪ್ಪನ್ನು ತಟ್ಟೆಯ ಮೇಲಿಟ್ಟು, ಕನ್ನಡಕ ತೆಗೆದು, ಸಮಾಧಾನದಿಂದಲೇ ಹೇಳಿದರು. "ದುರ್ಗಾಬೆನ್, ಬರೆದಿಟ್ಟುಕೊಳ್ಳಿ. ಮಜೋಕ್ ಆ ಗಟ್ಲುವಾಕ್‌ನ ಕಾಗದಕ್ಕೆ ಸಹಿ ಹಾಕುವುದಿಲ್ಲ. ಸೂರ್ಯ ದಕ್ಷಿಣದ ಸುರತ್ ಕಡೆಯಿಂದ ಹುಟ್ಟಿದರೂ ಹಾಕುವುದಿಲ್ಲ."

ಇಂಥ ಮಾತು ನನಗೆ ಹೊಸದಲ್ಲ. ನಾನು ಬಿ.ಎ. ಮುಗಿಸುವುದಿಲ್ಲ ಎಂದು ಅಪ್ಪನ ರೈಲ್ವೆ ಗ್ಯಾಂಗಿನ ಮುಕಾದಮ ಹೀಗೆಯೇ ಹೇಳಿದ್ದ. ಗದಗ ಕಡೆಯ ಒಂದು ಸಣ್ಣ ಸ್ಟೇಷನ್ನಿನ ಹಳಿ ಕಾಯುತ್ತಿದ್ದ ಅಪ್ಪ ಅದಕ್ಕೆ ಉತ್ತರ ಕೊಡಲಿಲ್ಲ. ನಾನು ಕೊಟ್ಟೆ, ಮೂರು ವರ್ಷ ತೆಗೆದುಕೊಂಡು. ನಮ್ಮ ಮನೆತನದಲ್ಲಿ ಹೆಬ್ಬೆಟ್ಟು ಬಿಟ್ಟು ಸಹಿ ಹಾಕಿದ ಮೊದಲನೆಯವಳು ನಾನು. ಇದನ್ನು ಹೇಳಿಕೊಳ್ಳಲು ನನಗೆ ಯಾವ ಸಂಕೋಚವೂ ಇಲ್ಲ.

ನಾನಿದ್ದದ್ದು ಕೇಂದ್ರ ಸರ್ಕಾರದ ಒಂದು ಕಚೇರಿ. ವಿದ್ಯಾರ್ಥಿವೇತನದ ಮೇಲೆ ಗುಜರಾತಿಗೆ ಓದಲು ಬರುವ ಪರದೇಶದ ಹುಡುಗರ ಯೋಗಕ್ಷೇಮ ನಮ್ಮ ಕೆಲಸ. ದೊಡ್ಡ ಕಚೇರಿ ಅಹಮದಾಬಾದಿನಲ್ಲಿ, ನಮ್ಮ ಶಾಖೆ ವಡೋದರಾದಲ್ಲಿ. ಈಗ ಈ ಕೆಲಸಕ್ಕೆ ಸೇರುವವರು ಫೋನು ಮಾಡಿ, "ಮೇಡಂ, ಪೋರ್ಟಲ್ ಇದೆಯಲ್ಲ, ಕಷ್ಟವೇನು?" ಎನ್ನುತ್ತಾರೆ. ನಮ್ಮ ಕಾಲದಲ್ಲಿ ಕಾರ್ಬನ್ ಹಾಳೆಯಿತ್ತು, ಆಮೇಲೆ ಫ್ಯಾಕ್ಸು ಬಂತು, ಆಮೇಲೆ ಇ-ಮೇಲು. ಯಂತ್ರ ಬದಲಾಯಿತು, ಕಷ್ಟ ಬದಲಾಗಲಿಲ್ಲ. ದೂರದಿಂದ ಬಂದ ಒಬ್ಬ ಹುಡುಗ ನಿಮ್ಮ ಮೇಜಿನ ಮುಂದೆ ನಿಂತಾಗ, ಅವನನ್ನು ಯಾವ ಕಾಲಂನಲ್ಲಿ ತುಂಬಬೇಕು ಎಂಬುದೇ ಕಷ್ಟ. ಅಲ್ಲಿಯೇ ನಾನು ಒಮ್ಮೆ ತಪ್ಪಿದೆ. ಅದನ್ನು ಹೇಳುತ್ತೇನೆ.

ಮಜೋಕ್ ಮತ್ತು ಗಟ್ಲುವಾಕ್ ಬಂದಾಗ ಅವರ ದೇಶ ಇನ್ನೂ ಹುಟ್ಟಿರಲಿಲ್ಲ. ಇಬ್ಬರ ಪಾಸ್‌ಪೋರ್ಟೂ ಸೂಡಾನಿನದು. ಖಾರ್ತೂಮಿನ ಒಂದೇ ಶಾಲೆಯಲ್ಲಿ ಓದಿದವರು, ಒಂದೇ ವಿಮಾನದಲ್ಲಿ ಬಂದವರು. ದೇಶವಾರು ಕೋಣೆ ಹಂಚುವುದು ನಮ್ಮ ಪದ್ಧತಿಯಾದ್ದರಿಂದ ಹಾಸ್ಟೆಲಿನಲ್ಲೂ ಒಂದೇ ಕೋಣೆ. ಇಬ್ಬರೂ ಬಾಗಿಲಿನಲ್ಲಿ ತಲೆ ಬಗ್ಗಿಸಿಯೇ ಒಳಗೆ ಬರಬೇಕು, ಅಷ್ಟು ಎತ್ತರ. ಮಜೋಕ್ ಮಾತುಗಾರ. ಗಟ್ಲುವಾಕ್ ಮೂರು ಪ್ರಶ್ನೆಗೆ ಒಂದು ಉತ್ತರ ಕೊಡುವವ. ಮೆಸ್ಸಿನ ಅಡುಗೆಯ ಮಹಾರಾಜ್ ಅವನನ್ನು 'ಗಟುಭಾಯ್' ಎಂದು ಕರೆದ. ಅದು ಗುಜರಾತಿನಲ್ಲಿ ಪುಟ್ಟ ಕುಳ್ಳನನ್ನು ಮುದ್ದಿಗೆ ಕರೆಯುವ ಹೆಸರು. ಇಡೀ ಮೆಸ್ಸು ನಕ್ಕಿತು. ಗಟ್ಲುವಾಕ್ ಅರ್ಥ ಕೇಳಿ ತಿಳಿದುಕೊಂಡು, ಒಂದು ದಿನ ಬಿಟ್ಟು ನಕ್ಕ.

2011ರ ಜುಲೈನಲ್ಲಿ ಅವರ ದಕ್ಷಿಣ ಸೂಡಾನ್ ಸ್ವತಂತ್ರವಾಯಿತು. ಬಾವುಟ ಬೇಕೆಂದು ಇಬ್ಬರೂ ನನ್ನ ಬಳಿ ಬಂದರು. ಆಗಷ್ಟೇ ಹುಟ್ಟಿದ ದೇಶದ ಬಾವುಟ ಯಾವ ಅಂಗಡಿಯಲ್ಲಿ ಸಿಗಬೇಕು? ಆ ವಾರ ಸುರತ್ತಿನ ಸಚಿನ್ ಎಂಬ ಕೈಗಾರಿಕಾ ಪ್ರದೇಶದಲ್ಲಿ ಒಂದು ಬಟ್ಟೆ ಕಾರ್ಖಾನೆ ನೋಡಲು ವಿದ್ಯಾರ್ಥಿಗಳನ್ನು ಕರೆದೊಯ್ಯುವುದಿತ್ತು. ಅಲ್ಲಿಯ ಫೋರ್‌ಮನ್‌ನನ್ನು ಕೇಳಿ ಕಪ್ಪು, ಕೆಂಪು, ಹಸಿರು, ನೀಲಿ, ಬಿಳಿ ತುಂಡುಗಳನ್ನು ಆರಿಸಿಕೊಂಡೆವು. ಹಳದಿ ನಕ್ಷತ್ರಕ್ಕೆ ಬಟ್ಟೆ ಸಿಗದೆ ನನ್ನ ಹಳೆಯ ರವಿಕೆ ಕೊಟ್ಟೆ. ಮಜೋಕ್ ಅಳತೆ ಹಾಕಿದ, ಗಟ್ಲುವಾಕ್ ಹೊಲಿದ. ಕಾರಿಡಾರಿನಲ್ಲಿ ಕಟ್ಟಿ ಹಾಡಿದರು. ಗುಜರಾತಿನ ಬೇರೆ ಕಾಲೇಜುಗಳಿಂದ ಬಂದ ಅವರ ದೇಶದ ನಾಲ್ಕು ಹುಡುಗರೂ ಸೇರಿದ್ದರು. ಒಟ್ಟು ಆರು ಜನ. ಅವರ ದೇಶ ಗುಜರಾತಿನಲ್ಲಿ ಅಷ್ಟೇ ಇತ್ತು.

ಹೊಸ ದೇಶವಾದ ಮೇಲೆ ಹೊಸ ಫೈಲು. ನಮ್ಮಲ್ಲಿ ಪ್ರತಿ ದೇಶಕ್ಕೂ ಎರಡು ಪುಟದ 'ದೇಶ ಪರಿಚಯ' ಎಂಬ ಟಿಪ್ಪಣಿ ಇರುತ್ತಿತ್ತು. ಹಾಸ್ಟೆಲ್ ವಾರ್ಡನ್ನರಿಗೆ, ಮನೆ ಬಾಡಿಗೆಗೆ ಕೊಡುವವರಿಗೆ ಅದನ್ನೇ ಕೊಡುವುದು. ರಾಜಧಾನಿ, ಭಾಷೆ, ಹವಾಮಾನ, ಆಹಾರ, ಕೊನೆಗೆ 'ಎಚ್ಚರಿಕೆ'. ಬರೆಯುವ ಕೆಲಸ ನನಗೆ ಬಂತು. ಆ ಇಬ್ಬರನ್ನೇ ಕೂರಿಸಿಕೊಂಡು ಕೇಳಿದೆ.

"ಆಹಾರ ಅಂತ ಇದೆಯಲ್ಲ, ಅಲ್ಲಿ ದನ ಅಂತ ಬರೆಯಿರಿ," ಎಂದ ಮಜೋಕ್.

"ಅಯ್ಯೋ, ಈ ಊರಲ್ಲಿ ಹಾಗೆ ಬರೆದರೆ ನಿಮಗೆ ಯಾರೂ ಮನೆ ಕೊಡುವುದಿಲ್ಲ."

"ತಿನ್ನುವುದಕ್ಕಲ್ಲ ಮೇಡಂ! ಹಾಲಿಗೆ, ಹಾಡಿಗೆ, ಮದುವೆಗೆ. ನಮ್ಮಲ್ಲಿ ಗಂಡು ದೊಡ್ಡವನಾದಾಗ ಅವನಿಗೊಂದು ಎತ್ತು ಕೊಡುತ್ತಾರೆ. ಆ ಎತ್ತಿನ ಬಣ್ಣವೇ ಅವನ ಇನ್ನೊಂದು ಹೆಸರು. ಗೆಳೆಯರು ಆ ಹೆಸರಿನಿಂದ ಕರೆಯುತ್ತಾರೆ."

"ನಿನ್ನದೇನು?" ಎಂದು ಗಟ್ಲುವಾಕ್‌ನನ್ನು ಕೇಳಿದೆ. ಅವನು ಮಜೋಕ್‌ನ ಮುಖ ನೋಡಿದ. ಟಿಪ್ಪಣಿಯಲ್ಲಿ ನಾನು 'ಹೈನುಗಾರಿಕೆ' ಎಂದು ಬರೆದೆ. 'ಎಚ್ಚರಿಕೆ' ಖಾಲಿ ಬಿಟ್ಟೆ.

ಎರಡೂವರೆ ವರ್ಷದ ಮೇಲೆ ಅದನ್ನು ತುಂಬಿದೆ. 2013ರ ಡಿಸೆಂಬರಿನಲ್ಲಿ ಅಲ್ಲಿ ಯುದ್ಧ ಶುರುವಾಯಿತು. ಹೊಸ ದೇಶದ ದೊಡ್ಡ ಮನುಷ್ಯರಿಬ್ಬರ ಜಗಳ, ಎರಡು ಜನಾಂಗಗಳ ಕಡಿದಾಟವಾಯಿತು. ಡಿಂಕಾ ಮತ್ತು ನುವೇರ್. ಆ ಹೆಸರುಗಳನ್ನು ನಾನು ಮೊದಲು ಕೇಳಿದ್ದು ಪೇಪರಿನಲ್ಲೇ. ನಮ್ಮ ಹುಡುಗರು ಎಂದೂ ಹೇಳಿರಲಿಲ್ಲ, ನಾನೂ ಕೇಳಿರಲಿಲ್ಲ. ತ್ರಿವೇದಿ ಸಾಹೇಬರು, "ಹಾಸ್ಟೆಲಿನಲ್ಲಿ ಏನಾದರೂ ಆದರೆ ಜವಾಬ್ದಾರಿ ನಿಮ್ಮದು," ಎಂದು ಹೋದರು. ಅಷ್ಟೇ ಹೇಳಿದ್ದು ಅವರು. ಮುಂದಿನದೆಲ್ಲ ನನ್ನ ಬುದ್ಧಿ.

ರಿಜಿಸ್ಟರ್ ತೆಗೆದೆ. ಸ್ಕೇಲು ಇಟ್ಟು, 'ರಾಷ್ಟ್ರೀಯತೆ'ಯ ಪಕ್ಕದಲ್ಲಿ ಹೊಸದೊಂದು ಕಾಲಂ ಎಳೆದೆ. 'ಜನಾಂಗ.' ಆರೂ ಹುಡುಗರನ್ನು ಕರೆಸಿ, ಅವರವರ ಕೈಯಿಂದಲೇ ತುಂಬಿಸಿದೆ. ಮಜೋಕ್ ಡಿಂಕಾ ಎಂದು ಬರೆದ. ಗಟ್ಲುವಾಕ್ ಪೆನ್ನು ಹಿಡಿದು ಬಹಳ ಹೊತ್ತು ನಿಂತಿದ್ದ. "ಬೇಗ ಬರಿ ಗಟುಭಾಯ್, ಊಟದ ಹೊತ್ತಾಯಿತು," ಎಂದೆ. ನುವೇರ್ ಎಂದು ಬರೆದ. ಮರುವಾರ ಅವನನ್ನು ಹಾಸ್ಟೆಲಿನಿಂದ ತೆಗೆದು ವಡೋದರಾದ ಮಂಜಲ್‌ಪುರ ಬಡಾವಣೆಯ ಒಂದು ಮನೆಯ ತಾರಸಿ ಕೋಣೆಗೆ ಕಳಿಸಿದೆ. ಟಿಪ್ಪಣಿಯಲ್ಲಿ 'ಎಚ್ಚರಿಕೆ: ಈ ಎರಡು ಜನಾಂಗದವರನ್ನು ಒಂದೇ ಕೋಣೆಯಲ್ಲಿ ಇಡತಕ್ಕದ್ದಲ್ಲ' ಎಂದು ಸೇರಿಸಿದೆ. ದಕ್ಷವಾಗಿ ಕೆಲಸ ಮಾಡಿದೆನೆಂಬ ತೃಪ್ತಿಯೂ ಇತ್ತು.

ನೆನಪಿಡಿ, ಆ ಹೊತ್ತಿನವರೆಗೆ ಅವರಿಬ್ಬರ ನಡುವೆ ಒಂದು ಮಾತಿನ ಜಗಳವೂ ಆಗಿರಲಿಲ್ಲ. ಒಂದೇ ಫೋನಿನಲ್ಲಿ ಸರದಿ ಹಿಡಿದು ಊರಿನ ಸುದ್ದಿ ಕೇಳುತ್ತಿದ್ದರಂತೆ.

ಕಾಲಂ ತುಂಬಿಸಿದ ದಿನ ಸಂಜೆ ಎಂದಿನಂತೆ ಅವ್ವನಿಗೆ ಫೋನು ಮಾಡಿದೆ. ಅವ್ವ ಗದಗಿನಲ್ಲಿ ತಮ್ಮನ ಮನೆಯಲ್ಲಿದ್ದಳು. ನಾನೊಬ್ಬಳೇ ಮಂಜಲ್‌ಪುರದ ಕ್ವಾರ್ಟರ್ಸಿನಲ್ಲಿ. ಮದುವೆಯಾಗಲಿಲ್ಲ, ಅದರ ಕತೆ ಇಲ್ಲಿ ಬೇಡ. ದಿನಕ್ಕೆ ಕಾಲು ಗಂಟೆ ಆ ಫೋನಿನಲ್ಲಿ ಮಾತ್ರ ನನ್ನ ಬಾಯಿಂದ ಕನ್ನಡ ಬರುತ್ತಿತ್ತು. ಪಕ್ಕದ ಮನೆಯ ಬ್ಯಾಂಕಿನವರು ಧಾರವಾಡದವರೇ, ಆದರೆ ಅವರ ಮಗಳನ್ನು "ಊಟ ಆತೇನ?" ಎಂದು ಕೇಳಿದರೆ ಗುಜರಾತಿಯಲ್ಲಿ "ಹಾ ಮಾಸಿ" ಎಂದು ಓಡಿಹೋಗುತ್ತಿದ್ದಳು. ಆ ದಿನ ಅವ್ವನಿಗೆ ಕಾಲಂನ ಸಂಗತಿ ಹೇಳಿದೆ, ಹೆಮ್ಮೆಯಿಂದಲೇ.

ಅವ್ವ, "ಕುಲಾ ಕೇಳಿದೇನ ದುರಗಿ?" ಎಂದಳು.

"ಕುಲ ಅಲ್ಲವಾ, ಜನಾಂಗ. ಅವರ ಒಳ್ಳೇದಕ್ಕ."

"ಹೌದವಾ, ಎಲ್ಲಾರೂ ಒಳ್ಳೇದಕ್ಕ ಕೇಳತಾರ. ಹೈಸ್ಕೂಲದಾಗ ನಿನ್ನ ಎಬ್ಬಿಸಿ ನಿಂದರಿಸಿ ಕೇಳಿದ್ದೂ ಒಳ್ಳೇದಕ್ಕ. ಮನೀಗೆ ಬಂದು ಮೂರು ದಿನ ಉಂಡಿರಲಿಲ್ಲ ನೀ. ಈಗ ನೀನ ಕೇಳಾಕತ್ತಿಯೇನು?"

ಪ್ರತಿ ಜೂನಿನಲ್ಲಿ ಶಾಲೆಯ ಗುಮಾಸ್ತ ತರಗತಿಗೆ ಬಂದು, "ಸ್ಕಾಲರ್‌ಶಿಪ್‌ನವರು ಎದ್ದು ನಿಲ್ಲಿರಿ, ಜಾತಿ ಹೇಳಿರಿ," ಎನ್ನುತ್ತಿದ್ದ. ನಾವು ನಾಲ್ವರು ನಿಲ್ಲುತ್ತಿದ್ದೆವು. ಅವನಿಗೇನೂ ನಮ್ಮ ಮೇಲೆ ಸಿಟ್ಟಿರಲಿಲ್ಲ. ಊಟದ ಹೊತ್ತಾಗಿರುತ್ತಿತ್ತು, ಅವನಿಗೆ ಬೇಗ ಮುಗಿಸಬೇಕಿತ್ತು.

ಆದರೂ ನಾನು ಆ ಕಾಲಂ ತೆಗೆಯಲಿಲ್ಲ. ಅವ್ವನಿಗೆ ಓದು ಬರದು, ಕಚೇರಿ ತಿಳಿಯದು ಎಂದುಕೊಂಡೆ.

ಗಟ್ಲುವಾಕ್‌ನ ತಾರಸಿ ಕೋಣೆ ನನ್ನ ಕ್ವಾರ್ಟರ್ಸಿನಿಂದ ಎರಡು ಬೀದಿ ಆಚೆ. ಭಾನುವಾರ ಮಧ್ಯಾಹ್ನ ರೊಟ್ಟಿ, ನಂಚಿಕೊಳ್ಳಲು ಶೇಂಗಾ ಹಿಂಡಿ ಕಟ್ಟಿಕೊಂಡು ಹೋಗತೊಡಗಿದೆ. ಅವನು ನೀರಿನ ಟ್ಯಾಂಕಿನ ನೆರಳಿನಲ್ಲಿ ಕೂತಿರುತ್ತಿದ್ದ. ಕೆಳಗೆ ಮಕರಪುರದ ಕಾರ್ಖಾನೆಗೆ ಹೋಗುವ ರಸ್ತೆ, ರಸ್ತೆಯ ನಡುವೆ ಮಲಗಿದ ಬೀದಿ ದನ. ಅವನು ಗಂಟೆಗಟ್ಟಲೆ ಅವನ್ನೇ ನೋಡುತ್ತಿದ್ದ. ಮನೆಯ ಯಜಮಾನಿ ಒಳ್ಳೆಯವಳು, ನೀರು ಬಂತು ಎಂದು ಹೇಳಲು ಮಾತ್ರ ಮೇಲೆ ಬರುತ್ತಿದ್ದಳು.

"ಈ ವಾರ ಎಷ್ಟು ಮಾತಾಡಿದೆ?" ಎಂದು ಒಮ್ಮೆ ಕೇಳಿದೆ.

ಲೆಕ್ಕ ಹಾಕಿ ಹೇಳಿದ. "ಹಾಲಿನವನ ಜೊತೆ ಎರಡು ಸಲ. ಈಗ ನಿಮ್ಮ ಜೊತೆ."

"ನಿನ್ನ ಎತ್ತಿನ ಹೆಸರು ಹೇಳು. ನಾನು ಕರೆಯುತ್ತೇನೆ."

"ನಾನೇ ಹೇಳಿಕೊಟ್ಟು ಕರೆಸಿಕೊಂಡರೆ ಏನು ಬಂತು ಮೇಡಂ? ಗೊತ್ತಿರುವವನು ಕರೆಯಬೇಕು."

ಗೊತ್ತಿರುವವನು ಹಾಸ್ಟೆಲಿನಲ್ಲಿದ್ದ, ನಾಲ್ಕು ಕಿಲೋಮೀಟರು ದೂರದಲ್ಲಿ.

ಗಟ್ಲುವಾಕ್‌ನ ತಾಯಿ ಬದುಕಿದ್ದಾಳೆಂದು ಗೊತ್ತಾಗಲು ಐದು ತಿಂಗಳು ಹಿಡಿಯಿತು. ಗಡಿಯಾಚೆಯ ಶಿಬಿರವೊಂದನ್ನು ಸೇರಿದ್ದಳು. ರಸ್ತೆ ಬಿಟ್ಟು, ಆಳೆತ್ತರದ ಹುಲ್ಲಿನಲ್ಲಿ, ಕೆಸರಿನಲ್ಲಿ ದಿನಗಟ್ಟಲೆ ನಡೆದಿದ್ದಳಂತೆ. ರಸ್ತೆ ಏಕೆ ಬಿಟ್ಟಳು ಎಂದು ಕೇಳಿದೆ. "ರಸ್ತೆಯಲ್ಲಿ ನಿಲ್ಲಿಸುತ್ತಾರೆ ಮೇಡಂ. ನೀನು ಯಾರ ಪೈಕಿ ಎಂದು ಕೇಳುತ್ತಾರೆ. ಒಂದು ಕಡೆ ನಿಲ್ಲಿಸುವವರು ಇವರು, ಇನ್ನೊಂದು ಕಡೆ ಅವರು. ಉತ್ತರ ತಪ್ಪಾದರೆ ಅಲ್ಲಿಗೇ ಮುಗಿಯಿತು." ಅವನು ರೊಟ್ಟಿ ಮುರಿಯುತ್ತ ಹೇಳಿದ. ನನ್ನ ಕೈಯಲ್ಲಿ ಬಂದೂಕು ಇರಲಿಲ್ಲ, ಸ್ಕೇಲಿತ್ತು, ಅಷ್ಟೇ.

ಹೇಗೋ ಪರೀಕ್ಷೆ ಬರೆದ, ಪಾಸಾದ. ಅಲ್ಲಿಗೆ ಮುಗಿಯಲಿಲ್ಲ. ವಿಶ್ವವಿದ್ಯಾಲಯದ ದಾಖಲೆಯಲ್ಲಿ ಅವನಿದ್ದದ್ದು ಸೂಡಾನಿನವನಾಗಿ, ಖಾರ್ತೂಮಿನ ಶಾಲೆಯವರು ಬರೆದಿದ್ದ ಅರಬ್ಬಿ ಹೆಸರಿನಲ್ಲಿ. ಈಗಿನ ಪಾಸ್‌ಪೋರ್ಟಿನಲ್ಲಿ ದೇಶವೂ ಬೇರೆ, ಹೆಸರೂ ಬೇರೆ. ಆ ಎರಡು ಹೆಸರಿನವನೂ ಒಬ್ಬನೇ ಎಂದು ಸಾಬೀತಾಗದೆ ಪದವಿ ಪ್ರಮಾಣಪತ್ರ ಕೊಡುವಂತಿಲ್ಲ. ರಾಯಭಾರ ಕಚೇರಿಗೆ ಬರೆದ ನಾಲ್ಕು ಪತ್ರಕ್ಕೆ ಉತ್ತರವಿಲ್ಲ. ಉಳಿದದ್ದು ಒಂದೇ ದಾರಿ. ಅವನ ದೇಶದವನೇ ಆದ, ಇಲ್ಲಿಗೆ ಬರುವ ಮೊದಲಿನಿಂದ ಅವನನ್ನು ಬಲ್ಲ, ಸಂಬಂಧಿಯಲ್ಲದ ಒಬ್ಬ ಸಾಕ್ಷಿ ನೋಟರಿಯ ಮುಂದೆ ಪ್ರಮಾಣ ಮಾಡಬೇಕು. ತಿಂಗಳ ಕೊನೆಗೆ ವೀಸಾ ಮುಗಿಯುತ್ತಿತ್ತು. ಆ ಕಾಗದವಿಲ್ಲದೆ ಹೊರಟರೆ ಐದು ವರ್ಷ ಇಲ್ಲಿ ಓದಿದ್ದಕ್ಕೆ ಪುರಾವೆಯೇ ಇರುವುದಿಲ್ಲ. ಅಲ್ಲಿ ಹೋಗಿ ಯಾರಿಗೆ ಹೇಳುವುದು, ನಾನು ಇಂಜಿನಿಯರ್ ಎಂದು?

ಅಂಥ ಸಾಕ್ಷಿ ಇಡೀ ಗುಜರಾತಿನಲ್ಲಿ ಮಜೋಕ್ ಒಬ್ಬನೇ. ಅವನ ಚಿಕ್ಕಪ್ಪ ಆ ಯುದ್ಧದಲ್ಲಿ ನುವೇರ್ ಹೋರಾಟಗಾರರ ಕೈಯಲ್ಲಿ ಸತ್ತಿದ್ದ. ಗಟ್ಲುವಾಕ್‌ನ ಅಣ್ಣ ರಾಜಧಾನಿಯಲ್ಲಿ ಡಿಂಕಾ ಸೈನಿಕರ ಕೈಯಲ್ಲಿ ಸತ್ತಿದ್ದ. ಒಂದೂವರೆ ವರ್ಷದಿಂದ ಇವರಿಬ್ಬರ ನಡುವೆ ಮಾತಿರಲಿಲ್ಲ. ಬಾವುಟ ನನ್ನ ಬೀರುವಿನಲ್ಲಿ ಬಿದ್ದಿತ್ತು, ಕೇಳಿಕೊಂಡು ಯಾರೂ ಬಂದಿರಲಿಲ್ಲ. ಆಗ ತ್ರಿವೇದಿ ಸಾಹೇಬರು ಸೂರ್ಯ ಮತ್ತು ಸುರತ್ತಿನ ಮಾತು ಹೇಳಿದ್ದು.

ಮಜೋಕ್ ಆಗ ಎಂ.ಎಸ್ಸಿ. ಮಾಡುತ್ತ ಅಹಮದಾಬಾದಿನಲ್ಲಿದ್ದ. ಬೋಡಕ್‌ದೇವ್‌ನ ಒಂದು ಫ್ಲ್ಯಾಟು. ಆ ಫ್ಲ್ಯಾಟನ್ನು ಕೊಡಿಸಿದವಳೂ ನಾನೇ. ಸೊಸೈಟಿಯ ಕಾರ್ಯದರ್ಶಿ ಅಂದು, "ಇವರು ಮೊಟ್ಟೆ ತಿನ್ನುತ್ತಾರಾ?" ಎಂದು ಕೇಳಿ, ಆಮೇಲೆ ನನ್ನ ಅಡ್ಡಹೆಸರು ಕೇಳಿ, "ನೀವು?" ಎಂದಿದ್ದ. ಒಂದು ಶನಿವಾರ ಬೆಳಗಿನ ರೈಲು ಹಿಡಿದು ಹೋದೆ. ಮಜೋಕ್ ಬಾಗಿಲು ತೆರೆದ. ಕೂರಿಸಿ, ಚಹಾ ಮಾಡಿ ತಂದ. ಸಂಗತಿ ಹೇಳಿದೆ.

"ಸಹಿ ಯಾವ ಕಾಲಂನ ಕೆಳಗೆ ಹಾಕಲಿ ಮೇಡಂ?" ಎಂದ.

ನಾನು ಕಪ್ಪು ಕೆಳಗಿಟ್ಟೆ.

"ನಾವು ಯಾರೆಂದು ನಮಗೆ ಗೊತ್ತಿರಲಿಲ್ಲ ಅಂದುಕೊಂಡಿರಾ? ಮೊದಲ ದಿನದಿಂದ ಗೊತ್ತಿತ್ತು. ಒಂದೇ ತಟ್ಟೆಯಲ್ಲಿ ಉಣ್ಣುತ್ತಿದ್ದೆವು, ಅದರ ಸುದ್ದಿ ಎತ್ತುತ್ತಿರಲಿಲ್ಲ. ನೀವು ಬರೆಸಿದಿರಿ. ಬರೆದ ಮೇಲೆ ಅವನ ಜೊತೆ ಕೂರುವುದಕ್ಕೆ ಕಾರಣ ಹೇಳಬೇಕಾಯಿತು, ನನ್ನವರಿಗೂ, ಅವನವರಿಗೂ. ಒಂದು ವಾರ ಕಾದೆ, ಅವನು ಬರುತ್ತಾನೆ ಅಂತ. ಅವನೂ ಕಾದಿರಬೇಕು."

ನಾನು ಹೈಸ್ಕೂಲಿನಲ್ಲಿ ಎದ್ದು ನಿಂತದ್ದನ್ನು ಹೇಳಿದೆ. ಕಚೇರಿಯಲ್ಲಿ ಯಾರಿಗೂ ಹೇಳಿರಲಿಲ್ಲ. ಅವನು ಅಂಗೈಯಲ್ಲಿ ಗಲ್ಲ ಹಿಡಿದು ಕೇಳಿಸಿಕೊಂಡ.

"ನಿಮಗೆ ಗೊತ್ತಿತ್ತು. ಆದರೂ ಕೇಳಿದಿರಿ."

"ಗೊತ್ತಿತ್ತು. ಕೇಳಿದೆ."

"ಆ ಪುಟ ಹರಿದುಹಾಕಿ."

"ಹರಿಯುವಂತಿಲ್ಲಪ್ಪ. ಸರ್ಕಾರಿ ರಿಜಿಸ್ಟರಿಗೆ ಪುಟಸಂಖ್ಯೆ ಇರುತ್ತದೆ. ಕೆಂಪು ಶಾಯಿಯಲ್ಲಿ ಹೊಡೆದುಹಾಕಬಹುದು. ಪಕ್ಕದಲ್ಲಿ ಕಾರಣ ಬರೆದು ಸಹಿ ಮಾಡಬೇಕು."

"ಕಾರಣ ಏನು ಬರೆಯುತ್ತೀರಿ?"

"ಕೇಳಬಾರದಾಗಿತ್ತು ಅಂತ."

ಅವನು ಖಾಲಿ ಕಪ್ಪುಗಳನ್ನು ಎತ್ತಿಕೊಂಡು ಒಳಗೆ ಹೋದ. ನಲ್ಲಿಯ ಸದ್ದು ಬಹಳ ಹೊತ್ತು ಕೇಳಿತು. ಹೊರಗೆ ಬಂದು, ನನ್ನನ್ನು ಲಿಫ್ಟಿನವರೆಗೆ ಬಿಟ್ಟ. ಹೂಂ ಎನ್ನಲಿಲ್ಲ, ಊಹೂಂ ಎನ್ನಲಿಲ್ಲ.

ಸೋಮವಾರ ರಿಜಿಸ್ಟರ್ ತೆಗೆದು ಕೆಂಪು ಶಾಯಿಯಿಂದ ಆ ಕಾಲಂ ಅನ್ನು ತಲೆಯಿಂದ ಬುಡದವರೆಗೆ ಹೊಡೆದೆ. ಪಕ್ಕದಲ್ಲಿ 'ಈ ಪ್ರಶ್ನೆಯನ್ನು ಕೇಳಬಾರದಾಗಿತ್ತು. ತಪ್ಪು ನನ್ನದು' ಎಂದು ಇಂಗ್ಲಿಷಿನಲ್ಲಿ ಬರೆದು ಪೂರ್ತಿ ಸಹಿ ಮಾಡಿದೆ. ದೇಶ ಪರಿಚಯದ 'ಎಚ್ಚರಿಕೆ'ಯನ್ನೂ ಹೊಡೆದೆ. ಎರಡರ ಫೋಟೋ ತೆಗೆದು ಮಜೋಕ್‌ಗೆ ಕಳಿಸಿದೆ. ತ್ರಿವೇದಿ ಸಾಹೇಬರು ಪುಟ ನೋಡಿ ಹೌಹಾರಿದರು. "ದಾಖಲೆಯಲ್ಲಿ ತಪ್ಪು ಒಪ್ಪಿಕೊಳ್ಳುತ್ತಾರೇನ್ರೀ ಯಾರಾದರೂ? ತಪ್ಪು ತಿದ್ದಬೇಕು, ಒಪ್ಪಿಕೊಳ್ಳಬಾರದು! ಇಷ್ಟು ವರ್ಷ ನೌಕರಿ ಮಾಡಿ ಇದೂ ಗೊತ್ತಿಲ್ಲವೇ?" ಎಂದು ಮೆಮೊ ಕೊಟ್ಟರು. ಬಡ್ತಿಯ ಆದೇಶಗಳನ್ನು ಎಲ್ಲಿಟ್ಟಿದ್ದೇನೋ ನೆನಪಿಲ್ಲ. ಆ ಮೆಮೊ ನನ್ನ ಬಿ.ಎ. ಪ್ರಮಾಣಪತ್ರದ ಜೊತೆಗಿದೆ.

ಮಜೋಕ್‌ನಿಂದ ಉತ್ತರ ಬರಲಿಲ್ಲ. ಎಂಟು ದಿನ. ಭಾನುವಾರ ತಾರಸಿಗೆ ಹೋದಾಗ ಗಟ್ಲುವಾಕ್ ಪೆಟ್ಟಿಗೆ ಕಟ್ಟಿಟ್ಟಿದ್ದ. ಇಬ್ಬರೂ ನೆರಳಿನಲ್ಲಿ ಕೂತೆವು. ಅವನು ಹೋದ ಮೇಲೆ ನನ್ನ ಭಾನುವಾರಗಳೂ ಖಾಲಿ ಎಂದು ಅಲ್ಲಿ ಹೊಳೆಯಿತು.

ಒಂಬತ್ತನೆಯ ದಿನ, ಕಚೇರಿ ಬಾಗಿಲು ತೆರೆದ ಹೊತ್ತಿಗೆ, ಮಜೋಕ್ ತಲೆ ಬಗ್ಗಿಸಿ ಒಳಗೆ ಬಂದ. "ಎಲ್ಲಿ ನೋಟರಿ?" ಎಂದ, ಅಷ್ಟೇ.

ಗಟ್ಲುವಾಕ್‌ಗೆ ಫೋನು ಮಾಡಿ ಕೋರ್ಟಿನ ಹತ್ತಿರ ಬರಹೇಳಿದೆ, ಯಾರು ಬಂದಿದ್ದಾರೆ ಎಂದು ಹೇಳಲಿಲ್ಲ. ಬೇವಿನ ಮರದ ಕೆಳಗೆ ಮೇಜು ಹಾಕಿಕೊಂಡ ನೋಟರಿ, ಮುದುಕರು. ಇಬ್ಬರೂ ಎದುರುಬದುರಾದರು. ತಬ್ಬಿಕೊಳ್ಳಲಿಲ್ಲ, ಕೈ ಕುಲುಕಲಿಲ್ಲ. ಮೇಜಿನ ಈ ಕಡೆ ಒಬ್ಬ, ಆ ಕಡೆ ಒಬ್ಬ.

"ಸಂಬಂಧಿಯೇನಪ್ಪ?" ಎಂದು ನೋಟರಿ ಮಜೋಕ್‌ನನ್ನು ಕೇಳಿದರು.

"ಅಲ್ಲ."

"ಈ ಪಾಸ್‌ಪೋರ್ಟಿನವನು, ಆ ಶಾಲೆ ಕಾಗದದವನು, ಇಬ್ಬರೂ ಇವನೇ ಎಂದು ನಿನಗೆ ಹೇಗೆ ಗೊತ್ತು? ಹೆಸರು ಬೇರೆ ಬೇರೆ ಇದೆಯಲ್ಲ."

"ಅವನಿಗೆ ಮೂರನೆಯ ಹೆಸರೂ ಒಂದಿದೆ. ಎತ್ತಿನದು."

ನೋಟರಿ ನನ್ನ ಕಡೆ ತಿರುಗಿ, "ಅರೇ ಬೆನ್, ಇವನೇನು ಹೇಳುತ್ತಿದ್ದಾನೆ?" ಎಂದರು. ನಾನು ವಿವರಿಸಿದೆ. ಅವರು ಒಮ್ಮೆ ಮರ ನೋಡಿ, ಒಮ್ಮೆ ಹುಡುಗರನ್ನು ನೋಡಿ, "ನನ್ನ ತಂದೆ ಆಣಂದ್ ಕಡೆಯವರು, ಎಮ್ಮೆ ಕಟ್ಟಿದವರು. ಹೇಳು, ಬರೆಯುತ್ತೇನೆ," ಎಂದರು.

ಮಜೋಕ್ ಆ ಹೆಸರು ಹೇಳಿದ. ನೋಟರಿಗೆ ಹೇಳಲಿಲ್ಲ, ಗಟ್ಲುವಾಕ್‌ನ ಕಡೆ ತಿರುಗಿ, ದೂರದ ಬಯಲಿನಲ್ಲಿರುವವನನ್ನು ಕರೆಯುವಂತೆ ಕೂಗಿ ಹೇಳಿದ. ಚಹಾ ಅಂಗಡಿಯ ಜನ ತಿರುಗಿ ನೋಡಿದರು. ಗಟ್ಲುವಾಕ್ ಓಗೊಟ್ಟ. ಆಮೇಲೆ ಮೇಜಿನ ಅಂಚು ಹಿಡಿದುಕೊಂಡು ಕೂತುಬಿಟ್ಟ, ಅಷ್ಟೆತ್ತರದ ಮನುಷ್ಯ.

ಬಿಳಿ ಮೈ, ಕಪ್ಪು ಮಚ್ಚೆ ಎಂದು ಆ ಹೆಸರಿನ ಅರ್ಥವಂತೆ. ಸಂಜೆ ಅವ್ವನಿಗೆ ಹೇಳಿದಾಗ, "ಹಂಡ ಎತ್ತು ಅನ್ನು ಮತ್ತ. ಹಂಗಾರ ಅಂವ ನಮ್ಮ ಹಂಡ್ಯಾ," ಎಂದಳು.

ಪ್ರಮಾಣಪತ್ರ ಬಂದದ್ದು ವೀಸಾ ಮುಗಿಯಲು ನಾಲ್ಕು ದಿನವಿದ್ದಾಗ. ಘಟಿಕೋತ್ಸವವಿಲ್ಲ, ಗೌನಿಲ್ಲ. ಪರೀಕ್ಷಾ ವಿಭಾಗದ ಕಿಟಕಿಯಲ್ಲಿ ಗುಮಾಸ್ತ ರಿಜಿಸ್ಟರ್ ತಿರುಗಿಸಿ, ಬೆರಳು ತೋರಿಸಿ ಸಹಿ ಹಾಕಿಸಿಕೊಂಡು, ಕವರೊಂದನ್ನು ಆಚೆಗೆ ತಳ್ಳಿದ. ಗಟ್ಲುವಾಕ್ ಅದನ್ನು ತೆಗೆದು ಮೊದಲು ನನ್ನ ಕೈಗೆ ಕೊಟ್ಟ. ಹಾಳೆ ಗಟ್ಟಿಯಾಗಿತ್ತು. ಮಜೋಕ್ ನನ್ನ ಹೆಗಲ ಮೇಲಿಂದ ಬಗ್ಗಿ ಓದಿದ.

ಶಿಬಿರದಲ್ಲಿದ್ದ ತಾಯಿಗೆ ಯಾರದೋ ಫೋನಿನಲ್ಲಿ ಸಂಪರ್ಕ ಸಿಕ್ಕಿತು. ಗಟ್ಲುವಾಕ್ ಸ್ಪೀಕರ್ ಹಾಕಿ, ನಡುನಡುವೆ ನಮಗೆ ಅರ್ಥ ಹೇಳುತ್ತಿದ್ದ. ಅದರಲ್ಲಿ ಏನೇನು ಬರೆದಿದೆ ಓದು ಎಂದಳು. ಹೆಸರು, ಪದವಿ, ದರ್ಜೆ ಓದಿದ.

"ನಾವು ಯಾರ ಪೈಕಿ ಅಂತ ಬರೆದಿದ್ದಾರಾ?"

"ಇಲ್ಲಮ್ಮ. ಎಲ್ಲೂ ಬರೆದಿಲ್ಲ."

"ಇನ್ನೊಮ್ಮೆ ನೋಡು. ಹಿಂದೆ ತಿರುಗಿಸಿ ನೋಡು."

ಅವನು ತಿರುಗಿಸಿದ. ಹಿಂಬದಿ ಖಾಲಿ ಇತ್ತು. ಹಾಗೆಂದು ಹೇಳಿದ. ಅತ್ತ ಕಡೆ ಯಾರದೋ ಮಗು ಅಳುತ್ತಿತ್ತು. ಆಮೇಲೆ ಅವಳ ದನಿ ಬಂತು. ಗಟ್ಲುವಾಕ್ ಹಾಳೆಯನ್ನು ಕವರಿಗೆ ಸೇರಿಸಿ ಅರ್ಥ ಹೇಳಿದ.

"ಹಾಗಾದರೆ ಅದನ್ನು ಹಿಡಿದುಕೊಂಡು ರಸ್ತೆಯ ಮೇಲೇ ಬಾ."